ಮೀನೆಣ್ಣೆ ಬಳಿದ ಮನೆಗಾಡಿ

ತಗಡು ಮೇಸ್ತ್ರಿಯ ಮನೆ ಎಲ್ಲಿ ಎಂದು ಕೇಳಿದರೆ ಆ ಬೀದಿಯ ಚಿಕ್ಕ ಮಕ್ಕಳೂ ಬೆರಳು ಮಾಡಿ ತೋರಿಸುತ್ತಿದ್ದರು. ಅವನ ನಿಜವಾದ ಹೆಸರು ಕೇಳಿದರೆ ದೊಡ್ಡವರೂ ತಲೆ ಕೆರೆದುಕೊಳ್ಳುತ್ತಿದ್ದರು. ಮೂವತ್ತು ವರ್ಷ ಗಾಡಿಗಳ ನೆಗ್ಗು ಎತ್ತಿ, ತುಕ್ಕು ಕೆರೆದು, ಬಣ್ಣ ಹೊಡೆದವನಿಗೆ ಬೇರೆ ಹೆಸರಿನ ಅಗತ್ಯವಾದರೂ ಏನಿತ್ತು? ಬೀದಿಯ ಕೊನೆಯ ಮನೆ ಅವನದು. ಮುಂದೆ ಎರಡು ಲಾರಿ ನಿಲ್ಲುವಷ್ಟು ಅಂಗಳ, ಅದರ ಮೂಲೆಯಲ್ಲೊಂದು ತಗಡಿನ ಮಾಡು, ಮಾಡಿನ ಕೆಳಗೆ ಸುತ್ತಿಗೆ, ಇಕ್ಕಳ, ಉಜ್ಜುವ ಕಾಗದ, ಬಣ್ಣದ ಡಬ್ಬಗಳು. ದೊಡ್ಡ ವರ್ಕ್‌ಶಾಪು ಬಿಟ್ಟ ಮೇಲೆ ಅವನು ಇಲ್ಲೇ ದುಡಿಯುತ್ತಿದ್ದ. ಕಣ್ಣು ಮುಚ್ಚಿಕೊಂಡು ಗಾಡಿಯ ಮೈಮೇಲೆ ಅಂಗೈ ಆಡಿಸಿದರೆ ಸಾಕು, ಕೂದಲೆಳೆಯಷ್ಟು ತಗ್ಗಿದ್ದರೂ ಅವನ ಕೈಗೆ ಸಿಗುತ್ತಿತ್ತು. ಆ ಕೈಯ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡಿ.

ಕೈ ಸರಿಯಾಗಿತ್ತು. ಕೆಟ್ಟಿದ್ದು ಮೂಗು. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಣ್ಣಕ್ಕೆ ಬೆರೆಸುವ ಥಿನ್ನರ್ ಡಬ್ಬದ ಮುಚ್ಚಳ ತೆಗೆದಾಗ ಎಂದಿನಂತೆ ಗಮ್ಮೆಂದು ಮುಖಕ್ಕೆ ಹೊಡೆಯಬೇಕಿತ್ತು, ಹೊಡೆಯಲಿಲ್ಲ. ಮುಖವನ್ನೇ ಡಬ್ಬದ ಬಾಯಿಗೆ ಒಡ್ಡಿದ. ಕಣ್ಣಲ್ಲಿ ನೀರು ಬಂತೇ ಹೊರತು ವಾಸನೆ ಬರಲಿಲ್ಲ. ಶೀತವಿರಬೇಕು ಅಂದುಕೊಂಡ. ಆ ಶೀತ ಇವತ್ತಿಗೂ ಬಿಟ್ಟಿಲ್ಲ. ಮೂಗಿಗೊಂದು ಬಟ್ಟೆ ಕಟ್ಟಿಕೊಳ್ಳಲು ಸೋಮಾರಿತನ ಮಾಡಿ ಇಪ್ಪತ್ತನಾಲ್ಕು ವರ್ಷ ಬಣ್ಣದ ಹೊಗೆಯಲ್ಲಿ ನಿಂತವನ ಮೂಗು ಇನ್ನೇನಾದೀತು?

ಹೇಳಿಕೊಳ್ಳಬಹುದಿತ್ತು. ಆದರೆ ಅವನು ಕೆಲಸ ಕಲಿತ ವರ್ಕ್‌ಶಾಪಿನಲ್ಲಿ ಹಿರಿಯ ಪೇಂಟರ್ ಒಬ್ಬನ ಮೂಗು ಹೀಗೇ ಹೋಗಿತ್ತು. ಹುಡುಗಾಟಕ್ಕೆ ಕೆಲಸಗಾರರು ಗ್ರೀಸ್ ಮೆತ್ತಿದ ಬಟ್ಟೆಯನ್ನು ಅವನ ಮುಖಕ್ಕೆ ಹಿಡಿದು, “ಗುಲಾಬಿ ನೋಡಣ್ಣ, ಗುಲಾಬಿ” ಎಂದು ನಗುತ್ತಿದ್ದರು. ಮೊದಲನೆಯ ಕೋಟು ಒಣಗಿತೋ ಇಲ್ಲವೋ ಮೂಸಿ ಹೇಳಲಾಗದ ಪೇಂಟರ್ ಯಾರಿಗೆ ಬೇಕು? ದೊಡ್ಡ ಮೇಸ್ತ್ರಿ ಅವನನ್ನು ಗೇಟು ತೆಗೆಯುವ ಕೆಲಸಕ್ಕೆ ಹಾಕಿದ. ಅಂದು ನಕ್ಕವರಲ್ಲಿ ನಮ್ಮ ಮೇಸ್ತ್ರಿಯೂ ಇದ್ದ. ಆ ನಗು ಅವನಿಗೆ ಚೆನ್ನಾಗಿ ನೆನಪಿತ್ತು.

ಹಾಗಾಗಿ ಮನೆಯಲ್ಲೂ ನಾಟಕ ಶುರುವಾಯಿತು. ಹೆಂಡತಿ ಅಡುಗೆಮನೆಯಿಂದ, “ರೀ, ಹೇಗಿದೆ ಘಮ?” ಎಂದರೆ, “ಆಹಾ, ಬೀದಿಯ ಕೊನೆಗೂ ಹೋಗಿರುತ್ತೆ ಕಣೇ” ಎನ್ನುತ್ತಿದ್ದ. ನಾಲ್ಕು ಜನ ಮೂಗು ಮುರಿದರೆ ತಾನೂ ಮುರಿಯುತ್ತಿದ್ದ, ನಕ್ಕರೆ ತಾನೂ ನಗುತ್ತಿದ್ದ. ಬಣ್ಣ ಒಣಗಿದ್ದನ್ನು ಗಡಿಯಾರ ನೋಡಿ ಹೇಳುತ್ತಿದ್ದ. ಒಮ್ಮೆ ಒಲೆಯ ಪಕ್ಕದಲ್ಲೇ ಕೂತಿದ್ದಾಗ ಹಾಲು ಉಕ್ಕಿ, ಸೀದು, ಪಾತ್ರೆಯೇ ಕರಕಲಾಯಿತು. ಅವನು ಗೋಡೆಗೊರಗಿ ಕಣ್ಣು ಹತ್ತಿತ್ತು ಎಂದ. ಹೆಂಡತಿ ಪಾಪ, ದುಡಿದು ಸುಸ್ತಾಗಿದ್ದಾರೆ ಎಂದು ಹೊದಿಕೆ ತಂದು ಹೊದಿಸಿದಳು.

ಆ ಹೆಂಡತಿಗೋ ಸೊಂಟ. ನಾಲ್ಕು ವರ್ಷದ ಹಿಂದೆ ಬಸ್ಸಿನ ಮೆಟ್ಟಿಲಿಂದ ಜಾರಿ ಬಿದ್ದವಳು ಮತ್ತೆ ಸರಿಯಾಗಲಿಲ್ಲ. ಗೋಡೆ ಹಿಡಿದು ಮನೆಯೊಳಗೆ ಓಡಾಡುತ್ತಿದ್ದಳು. ಕೂತರೆ ಹತ್ತು ನಿಮಿಷ, ಆಮೇಲೆ ಮಲಗಲೇಬೇಕು. ಬಸ್ಸು, ರೈಲು, ಕಾರು ಯಾವುದೂ ಆಗದು. ಅವಳಿಗೆ ಒಬ್ಬಳೇ ಅಕ್ಕ. ತಾಯಿ ಸತ್ತ ಮೇಲೆ ಮೂರು ವರ್ಷದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅವಳ ಮನೆ ಎಂಟು ಗಂಟೆಯ ದಾರಿ. ಈಚೆಗೆ ಅಕ್ಕನ ಕಣ್ಣು ಒಳಗಿನಿಂದ ಮಂಜಾಗುತ್ತ ಬಂದಿತ್ತು, ಉಳಿಸುವ ಹಾಗಿಲ್ಲ ಎಂದು ಡಾಕ್ಟರು ಕೈ ಚೆಲ್ಲಿದ್ದರು. ಫೋನಿನಲ್ಲಿ ಅಕ್ಕ ಹೇಳುತ್ತಿದ್ದುದು ಒಂದೇ ಮಾತು: “ಬರೋದಾದ್ರೆ ಬೇಗ ಬಾರೇ. ಬಾಗಿಲು, ಕಿಟಕಿ ಇನ್ನೂ ಕಾಣ್ತಿವೆ. ನಿನ್ನ ಮುಖ ಕಾಣೋ ಅಷ್ಟು ಇನ್ನೂ ಉಳಿದಿದೆ.” ಫೋನಿಟ್ಟ ಮೇಲೆ ಹೆಂಡತಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಮೇಸ್ತ್ರಿಗೆ ಅವಳ ಬೆನ್ನು ನೋಡಲಾಗುತ್ತಿರಲಿಲ್ಲ.

ಅವನು ಗುಜರಿಯಿಂದ ಒಂದು ಹಳೆಯ ವ್ಯಾನು ಎಳೆದು ತಂದ. ಅಂಗಡಿಗಳಿಗೆ ಬ್ರೆಡ್ಡು ಹಂಚುತ್ತಿದ್ದ ವ್ಯಾನು, ಎಂಜಿನ್ನು ಗಟ್ಟಿ, ಮೈಯೆಲ್ಲ ತುಕ್ಕು. ಅದನ್ನೇ ಮಲಗಿಕೊಂಡು ಹೋಗುವ ಕ್ಯಾಂಪರ್ ಮಾಡುತ್ತೇನೆ ಎಂದ. ಹೆಂಡತಿ ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟಳು. ಅವಳನ್ನು ನೆಲದ ಮೇಲೆ ಮಲಗಿಸಿ, ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದು, ಆ ಅಳತೆಗೆ ಮಂಚ ಮಾಡಿದ. ಮಲಗಿದಲ್ಲಿಂದಲೇ ಹೊರಗೆ ಕಾಣಲೆಂದು ಅವಳ ಕಣ್ಣಿನ ಎತ್ತರಕ್ಕೆ ತಗಡು ಕೊರೆದು ಕಿಟಕಿ ಕೂರಿಸಿದ. ಎದುರಿಗೆ ಒಂದು ಪುಟ್ಟ ಗ್ಯಾಸ್ ಒಲೆ, ಅದರ ಕೆಳಗಿನ ಗೂಡಿನಲ್ಲಿ ಸಿಲಿಂಡರು. ಗಟ್ಟಿ ರಬ್ಬರ್ ಟ್ಯೂಬು ಒಲೆಯ ಮೂತಿಗೆ ಏರದೆ ಸತಾಯಿಸಿದಾಗ ಕೈಯಲ್ಲಿದ್ದ ಎಣ್ಣೆಯನ್ನೇ ತುದಿಗೆ ಸವರಿ ಏರಿಸಿದ.

ಆ ಎಣ್ಣೆಯೇ ಮೀನೆಣ್ಣೆ. ಗಾಡಿಯ ಅಡಿಭಾಗಕ್ಕೆ ತುಕ್ಕು ಹಿಡಿಯದಿರಲು ಮೀನೆಣ್ಣೆ ಬಳಿಯುವುದು ಅವನ ದೊಡ್ಡ ಮೇಸ್ತ್ರಿ ಹೇಳಿಕೊಟ್ಟ ವಿದ್ಯೆ. “ಬಳಿ, ಬಿಸಿಲಿಗಿಡು, ನಾತ ಹೋಗೋ ತನಕ ಗಾಡಿ ಹೊರಗೆ ಬಿಡಬೇಡ” ಎಂಬುದು ಪಾಠ. ಮೇಸ್ತ್ರಿಗೆ ಬಳಿಯುವುದು ಗೊತ್ತಿತ್ತು, ಬಿಸಿಲಿಗಿಡುವುದೂ ಗೊತ್ತಿತ್ತು. ನಾತ ಹೋಯಿತೋ ಇಲ್ಲವೋ ಎನ್ನುವುದಕ್ಕೆ ಎರಡು ದಿನ ಎಂದು ಲೆಕ್ಕ ಹಾಕಿಕೊಂಡಿದ್ದ. ಈ ಸಲ ಸಿಕ್ಕಿದ್ದು ಕಾಯಿಸದ ಹಸಿ ಎಣ್ಣೆ. ಎರಡು ದಿನಕ್ಕಲ್ಲ, ಎರಡು ತಿಂಗಳಿಗೂ ಅದು ಆರುವ ಜಾತಿಯಲ್ಲ. ಮೂಗಿದ್ದವನು ಡಬ್ಬ ತೆರೆದ ಕೂಡಲೇ ಹಿಂದೆ ಹಾರುತ್ತಿದ್ದ. ಇವನು ಕುಂಚ ಅದ್ದಿ, ಚಾಸಿಗೆ, ಚಕ್ರದ ಹಿಂದೆ ಕೆಸರು ತಡೆಯುವ ಮಡ್‌ಫ್ಲಾಪಿಗೆ, ಬಾಗಿಲ ರಬ್ಬರಿಗೆ ಎಲ್ಲ ಧಾರಾಳವಾಗಿ ಬಳಿದ.

ಮೂರನೆಯ ಬೆಳಿಗ್ಗೆ ನೋಡಿದರೆ ಹಿಂದಿನ ಎರಡೂ ಮಡ್‌ಫ್ಲಾಪು ಚಿಂದಿ. ನಾಲ್ಕನೆಯ ಬೆಳಿಗ್ಗೆ ಬಾಗಿಲ ರಬ್ಬರು ಹಾವಿನ ಪೊರೆಯ ಹಾಗೆ ನೇತಾಡುತ್ತಿತ್ತು. ಐದನೆಯ ದಿನ ಹಿಂದಿನ ದೀಪದ ವೈರುಗಳೇ ಇಲ್ಲ. ಅವನು ಅಷ್ಟು ಉಜ್ಜಿ, ನಾಲ್ಕು ಕೋಟು ಹೊಡೆದ ಬಿಳಿ ಬಣ್ಣದ ಮೇಲೆ ಉಗುರಿನ ಗೀರು, ಬಂಪರಿನ ಮೇಲೆ ಹಲ್ಲಿನ ಗುರುತು. ಬೀದಿಯ ಏಳೆಂಟು ನಾಯಿಗಳು ಬೆಳಕು ಹರಿಯುವ ಹೊತ್ತಿಗೆ ಬೇಲಿ ನುಸುಳಿ ಬರುತ್ತಿದ್ದವು. ಮೇಸ್ತ್ರಿ ಕೋಲು ಹಿಡಿದು ಓಡಿ ಬಂದರೆ ದಿಕ್ಕಿಗೊಂದಾಗಿ ಚದುರಿ, ಗೇಟಿನಾಚೆ ಕೂತು ಅವನು ಒಳಗೆ ಹೋಗುವುದನ್ನೇ ಕಾಯುತ್ತಿದ್ದವು. ಅವನು ಹರಿದದ್ದನ್ನು ಕಿತ್ತು, ಹೊಸದು ಹಾಕಿ, ಗೀರಿನಲ್ಲಿ ತುಕ್ಕು ಕೂರಬಾರದೆಂದು ಮತ್ತೊಂದು ಕೈ ಮೀನೆಣ್ಣೆ ಬಳಿಯುತ್ತಿದ್ದ. ಮರುದಿನ ನಾಯಿಗಳು ಇನ್ನೂ ಎರಡು ಹೆಚ್ಚು ಬರುತ್ತಿದ್ದವು.

ಎದುರು ಮನೆಯ ಪೋಸ್ಟಣ್ಣ ಕಾಗದ ಹಂಚುವ ಕೆಲಸದಿಂದ ನಿವೃತ್ತನಾದವನು. ಕೆಲಸದಲ್ಲಿದ್ದಾಗ ಐದು ಸಲ ನಾಯಿ ಕಚ್ಚಿಸಿಕೊಂಡಿದ್ದರಿಂದ ನಾಯಿಗಳ ವಿಷಯದಲ್ಲಿ ತಾನೇ ಪಂಡಿತ ಎಂಬ ನಂಬಿಕೆ ಅವನಿಗಿತ್ತು.

“ಮೆಣಸಿನಪುಡಿ ಹಾಕು ಮೇಸ್ತ್ರಿ, ಆ ಕಡೆ ತಲೆ ಹಾಕಿ ಮಲಗಲ್ಲ” ಎಂದ. ಹಾಕಿದ. ಗಾಳಿ ಬೀಸಿ ಅಷ್ಟೂ ಮೇಸ್ತ್ರಿಯ ಕಣ್ಣಿಗೇ ಬಂತು, ಅರ್ಧ ದಿನ ನಲ್ಲಿಯ ಕೆಳಗೆ ತಲೆಯಿಟ್ಟು ಕೂತ. ಬಾಟಲಿಯಲ್ಲಿ ನೀಲಿ ನೀರು ತುಂಬಿ ಸುತ್ತ ಇಡು ಎಂದ. ಇಟ್ಟ. ನಾಯಿಗಳು ಬಾಟಲಿಗಳನ್ನೂ ಒದ್ದೆ ಮಾಡಿ ಹೋದವು. ಮುಳ್ಳಿನ ಬೇಲಿ ಹಾಕಿದ, ಅಡಿಯಿಂದ ಮಣ್ಣು ಕೆರೆದು ನುಗ್ಗಿದವು. ತಂತಿಯ ಜಾಲರಿ ಕಟ್ಟಿದ, ಅದನ್ನು ತುಳಿದು ಮಲಗಿಸಿದವು. ಪಟ್ಟು ಹಿಡಿದ ನಾಯಿಯ ಮುಂದೆ ಮನುಷ್ಯನ ಬುದ್ಧಿ ಎಷ್ಟರದು!

“ಅಲ್ಲಪ್ಪಾ, ಇದೇನು ಗಾಡಿಯೋ ಮೀನಿನಂಗಡಿಯೋ?” ಎಂದು ಪೋಸ್ಟಣ್ಣ ಒಂದು ದಿನ ಮೂಗು ಹಿಡಿದು ನಕ್ಕ. “ಅಂಗಡಿಗೆ ಗಿರಾಕಿ ಬರದೆ ಇರ್ತಾರಾ?”

ವಾಸನೆಯ ಮಾತು ಬಂತಲ್ಲ, ಮೇಸ್ತ್ರಿ ರೂಢಿಯಂತೆ ತಾನೂ ಮೂಗು ಹಿಡಿದು ಹೊಟ್ಟೆ ಹುಣ್ಣಾಗುವಂತೆ ನಕ್ಕ. ಎಲ್ಲಿ ಸಿಕ್ಕಿಬಿದ್ದೇನೋ ಎಂಬ ಗಾಬರಿಯಲ್ಲಿ ಆ ಮಾತಿನ ಅರ್ಥ ಅವನ ತಲೆಗೆ ಇಳಿಯಲೇ ಇಲ್ಲ. ಹೆಂಡತಿಯೂ ಮಲಗಿದಲ್ಲಿಂದಲೇ, “ರೀ, ಇನ್ನೂ ನಾತ ಹೊಡೀತಿದೆಯಲ್ರೀ” ಎಂದಿದ್ದಳು. “ಒಣಗ್ತಿದೆ, ಇನ್ನೆರಡು ದಿನ” ಎಂದಿದ್ದ. ಮೂವತ್ತು ವರ್ಷದ ಮೇಸ್ತ್ರಿ ಹೇಳಿದ ಮೇಲೆ ಅವಳು ಎದುರು ಹೇಳುವುದೇನಿತ್ತು?

ಅಷ್ಟರಲ್ಲಿ ಮೂರು ವಾರ ಕಳೆದಿತ್ತು. ಅಕ್ಕನ ಫೋನಿನಲ್ಲಿ ಈಗ ಕಿಟಕಿಯ ಮಾತು ಇರಲಿಲ್ಲ, ಬಾಗಿಲು ಮಾತ್ರ ಕಾಣುತ್ತಿತ್ತು. ಮೇಸ್ತ್ರಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಅದೇ ಹೊತ್ತಿಗೆ ಒಂದು ಬೆಳಿಗ್ಗೆ ಎದ್ದು ಬಂದರೆ, ಬೀದಿನಾಯಿಗಳೆಲ್ಲ ಓಡಿಹೋಗಿದ್ದವು, ಗಾಡಿಯ ಕೆಳಗೆ ಕೆಂಚ ಒಂದೇ ಕೂತಿತ್ತು. ಅದರ ಬಾಯಲ್ಲಿ ಹೊಸ ಮಡ್‌ಫ್ಲಾಪಿನ ತುಂಡಿತ್ತು.

ಕೆಂಚ ಮನೆಯ ನಾಯಿ. ಹೆಂಡತಿ ಸೊಂಟ ಮುರಿದುಕೊಂಡು ಮಲಗಿದ ವರ್ಷ ಎಲ್ಲಿಂದಲೋ ಬಂದ ಕೆಂಪು ಮರಿ. ಹಗಲೆಲ್ಲ ಅವಳ ಮಂಚದ ಕೆಳಗೆ ಬಿದ್ದಿರುತ್ತಿತ್ತು. ಅವಳು ಎದ್ದರೆ ತಾನೂ ಎದ್ದು, ಅವಳು ಗೋಡೆ ಹಿಡಿದು ನಡೆದಷ್ಟು ದೂರ ಪಕ್ಕದಲ್ಲೇ ನಡೆಯುತ್ತಿತ್ತು. ಆ ತುಂಡು ಬೇರೆ ನಾಯಿಯ ಬಾಯಿಂದ ಕಿತ್ತುಕೊಂಡದ್ದೋ, ತಾನೇ ಹರಿದದ್ದೋ, ಯಾರು ಕಂಡವರು? ಮೇಸ್ತ್ರಿ ವಿಚಾರಣೆ ಮಾಡುವ ಸ್ಥಿತಿಯಲ್ಲಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನಾರಿಗೆ ಹೇಳುವುದು ಎಂದುಕೊಂಡ. ಇದೇ ಉಳಿದವನ್ನೆಲ್ಲ ಒಳಗೆ ಕರೆಯುತ್ತಿರಬೇಕು ಎಂದೂ ಸೇರಿಸಿಕೊಂಡ. ಸಿಟ್ಟು ಬಂದವನಿಗೆ ಸಾಕ್ಷಿ ತಾನಾಗಿಯೇ ಸಿಗುತ್ತದೆ.

ಅಂದು ರಿಪೇರಿಗೆ ಬಂದಿದ್ದ ಪಿಕಪ್ಪೊಂದನ್ನು ಅದರ ಮಾಲೀಕನಿಗೆ ಮುಟ್ಟಿಸಬೇಕಿತ್ತು. ಕೆಂಚನನ್ನು ಹಿಂದೆ ಹತ್ತಿಸಿಕೊಂಡ. ಕೆಂಚ ತಾನಾಗಿಯೇ ಖುಷಿಯಿಂದ ಹಾರಿ ಹತ್ತಿತು, ಗಾಳಿಗೆ ಕಿವಿ ಬಿಟ್ಟು ನಿಂತಿತು. ಊರಾಚೆ ಲಾರಿಗಳನ್ನು ತೂಗುವ ಕಟ್ಟೆಯ ಹತ್ತಿರ ಮೇಸ್ತ್ರಿ ಗಾಡಿ ನಿಲ್ಲಿಸಿ, ಇಳಿಸಿ, ಒಂದು ಬ್ರೆಡ್ಡು ದೂರಕ್ಕೆ ಎಸೆದ. ಅದು ಓಡಿದ ಕೂಡಲೇ ಗಾಡಿ ಎತ್ತಿದ. ಕನ್ನಡಿಯಲ್ಲಿ ನೋಡಬಾರದು ಎಂದುಕೊಂಡೂ ನೋಡಿದ. ಕೆಂಚ ಬ್ರೆಡ್ಡು ಬಿಟ್ಟು ಹಿಂದೆ ಓಡಿ ಬರುತ್ತಿತ್ತು.

“ಕೆಂಚ ಎಲ್ರೀ?” ಎಂದು ಹೆಂಡತಿ ಸಂಜೆ ಕೇಳಿದಳು.

“ಬೀದಿ ನಾಯಿಗಳ ಜೊತೆ ಹೋಗಿರಬೇಕು. ಬರುತ್ತೆ ಬಿಡು.”

ಅವಳು ಬಾಗಿಲ ಹತ್ತಿರ ತಟ್ಟೆಯಿಟ್ಟು ಕರೆದಳು. ಮರುದಿನವೂ ಕರೆದಳು. ಮೂರನೆಯ ದಿನ ಬಾಯಲ್ಲಿ ಕರೆಯದೆ ತಟ್ಟೆಯನ್ನು ಸುಮ್ಮನೆ ನೆಲಕ್ಕೆ ತಾಕಿಸಿ ಸದ್ದು ಮಾಡಿದಳು. ಮೇಸ್ತ್ರಿ ಅದನ್ನು ಕೇಳಲಾರದೆ ಅಂಗಳಕ್ಕೆ ಎದ್ದು ಹೋದ. ಅದಕ್ಕಿಂತ ಹೆಚ್ಚಿನ ಸಂಕಟವೆಂದರೆ, ಕೆಂಚ ಹೋದ ಮೇಲೂ ಬೀದಿನಾಯಿಗಳು ಬರುವುದು ನಿಲ್ಲಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ತಾನು ಮಾಡಿದ್ದು ಅದೇ ಎಂದು ಅವನಿಗೆ ಮೊದಲ ದಿನವೇ ಗೊತ್ತಾಯಿತು. ಗೊತ್ತಾದರೂ ಬಾಯಿ ಬಿಡಲಿಲ್ಲ. ಒಂದು ಸುಳ್ಳು ಆರು ವರ್ಷ ನಡೆದಿರುವಾಗ ಇನ್ನೊಂದು ನಡೆಯುವುದಿಲ್ಲವೇ?

ಕೊನೆಗೆ ಅವನು ಹಳೆಯ ಲಾರಿಯ ತಗಡುಗಳನ್ನು ತಂದು ಮನೆಗಾಡಿಯ ಸುತ್ತ ಆಳೆತ್ತರದ ಗೋಡೆಯನ್ನೇ ಕಟ್ಟಿದ. ಒಳಗಿನ ಹಲಗೆಗೆ ವಾರ್ನಿಷ್ ಹೊಡೆದು, ಆರಲೆಂದು ಗಾಡಿಯ ಬಾಗಿಲು ತೆರೆದಿಟ್ಟು ಊಟಕ್ಕೆ ಹೋದ. ತಗಡಿನ ಗೋಡೆಗೆ ಕದ ಎಳೆಯುವುದನ್ನು ಮರೆತಿದ್ದ. ಬಂದು ನೋಡಿದರೆ ಒಂದು ನಾಯಿ ಒಳಗೇ ಹೊಕ್ಕು ದಿಂಬನ್ನು ಎಳೆದು ಹಾಕಿತ್ತು, ನೆಲದ ತುಂಬ ಕೆಸರಿನ ಹೆಜ್ಜೆ, ಒಲೆಯ ಕೆಳಗಿನ ಗೂಡಿನ ಬಾಗಿಲು ಅರ್ಧ ತೆರೆದಿತ್ತು. ನಾಯಿಯನ್ನು ಓಡಿಸಿದ, ನೆಲ ಒರೆಸಿದ, ಗೂಡಿನ ಬಾಗಿಲನ್ನು ಕಾಲಿನಿಂದ ತಳ್ಳಿ ಮುಚ್ಚಿದ. ಬಗ್ಗಿ ಒಳಗೆ ನೋಡಲಿಲ್ಲ. ಸಂಜೆ ಅಕ್ಕನಿಗೆ ಫೋನು ಮಾಡಿ ನಾಡಿದ್ದು ಹೊರಡುತ್ತೇವೆ ಎಂದ.

ಮರುದಿನ ಮಧ್ಯಾಹ್ನ ಹೆಂಡತಿಯನ್ನು ಎತ್ತಿಕೊಂಡು ಬಂದು ಮನೆಗಾಡಿಯ ಮಂಚದ ಮೇಲೆ ಮೊದಲ ಸಲ ಮಲಗಿಸಿದ. ಕಿಟಕಿಯೆದುರಿನ ತಗಡನ್ನು ಅವನು ಸರಿಸಿದ್ದ, ಅವಳು ಹೊರಗೆ ನೋಡಿದಳು. ಅಂಗಳ, ನಲ್ಲಿ, ಪೋಸ್ಟಣ್ಣನ ಮನೆಯ ಮಹಡಿ, ಅದರಾಚೆ ಆಕಾಶ.

“ಸೊಂಟಕ್ಕೆ ಏನೂ ಅನ್ನಿಸ್ತಾನೇ ಇಲ್ಲ ರೀ” ಎಂದಳು. ಕಣ್ಣಂಚು ಒದ್ದೆಯಾಗಿತ್ತು. “ಒಂದು ಟೀ ಮಾಡಿ. ಇದರಲ್ಲೇ ಮೊದಲನೇ ಟೀ.”

ಮೇಸ್ತ್ರಿ ಉಬ್ಬಿಹೋದ. ಸೋಪಿನ ನೀರಿನ ಮಗ್ಗು, ಬ್ರಷ್ಷು ತೆಗೆದುಕೊಂಡ. ಗ್ಯಾಸ್ ಟ್ಯೂಬಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವುದು ಅವನ ಆರು ವರ್ಷದ ಅಭ್ಯಾಸ. ಮನೆಯಲ್ಲಿ ಒಮ್ಮೆಯೂ ತಪ್ಪಿಸಿರಲಿಲ್ಲ.

“ಅಯ್ಯೋ, ಹೊಸ ವಾರ್ನಿಷ್ ಮೇಲೆ ನೀರು ಚೆಲ್ಲಬೇಡಿ” ಎಂದಳು ಹೆಂಡತಿ. “ಮೂಸಿ ನೋಡಿದ್ರೆ ಸಾಲದಾ? ಎಲ್ಲರೂ ಅದೇ ತಾನೇ ಮಾಡೋದು.”

ಅವಳು ತಲೆ ವಾಲಿಸಿ ಅವನನ್ನೇ ನೋಡುತ್ತಿದ್ದಳು. ಮೇಸ್ತ್ರಿ ಮಗ್ಗು ಕೆಳಗಿಟ್ಟ. ಸಿಲಿಂಡರು ತಿರುಗಿಸಿ, ಒಲೆಯ ಹತ್ತಿರ ಮುಖ ತಂದು, ಅವಳಿಗೆ ಕೇಳಿಸುವಂತೆ ಎರಡು ಸಲ ಜೋರಾಗಿ ಉಸಿರೆಳೆದ.

“ಏನೂ ಇಲ್ಲ” ಎಂದ.

ಪಾತ್ರೆಗೆ ನೀರು ಹಾಕಿದ. ಟೀಪುಡಿ ಹುಡುಕಿದ. ಕಡ್ಡಿಪೆಟ್ಟಿಗೆ ಯಾವ ಜೇಬಿನಲ್ಲಿದೆ ಎಂದು ತಡಕಾಡಿದ.

“ರೀ, ಏನೋ ವಾಸನೆ” ಎಂದಳು ಅವಳು.

“ಹೊಸ ವಾರ್ನಿಷ್ ಕಣೇ.”

“ಅಲ್ಲ. ಮೀನಿನ ನಾತ ಅಂತೂ ಇದ್ದೇ ಇದೆ. ಇದು ಬೇರೆ...”

ಅವನು ಕಡ್ಡಿ ತೆಗೆದು ಪೆಟ್ಟಿಗೆಗೆ ಒತ್ತಿ ಹಿಡಿದಿದ್ದ. ನಾಲ್ಕು ವರ್ಷದಿಂದ ಏನನ್ನಾದರೂ ಹಿಡಿಯದೆ ಏಳಲಾಗದವಳು ಮಂಚದಿಂದ ಮೇಲೆದ್ದು ಅವನ ಕೈಗೆ ಹೊಡೆದಳು. ಪೆಟ್ಟಿಗೆ ಬಾಗಿಲಾಚೆ ಅಂಗಳಕ್ಕೆ ಹಾರಿ ಬಿತ್ತು. “ಗ್ಯಾಸು! ಗ್ಯಾಸು ರೀ!” ಎಂದು ಕಿರುಚಿದವಳು, ಸೊಂಟದ ನೋವಿಗೆ ಅಲ್ಲೇ ಕುಸಿದಳು. ಮೇಸ್ತ್ರಿ ಸಿಲಿಂಡರು ಮುಚ್ಚಿ, ಅವಳನ್ನು ಎತ್ತಿಕೊಂಡು ಹೊರಗೆ ಓಡಿ, ಮನೆಯ ಜಗಲಿಯ ಮೇಲೆ ಮಲಗಿಸಿದ. ಗಾಡಿಗೆ ಗಾಳಿ ಆಡಿದ ಮೇಲೆ ಆ ಟ್ಯೂಬನ್ನು ಬಿಚ್ಚಿ ತಂದು ಅವಳ ಪಕ್ಕದಲ್ಲೇ ಕೂತು ನೋಡಿದ. ಎಣ್ಣೆ ಸವರಿದ್ದ ತುದಿಯಲ್ಲಿ ಸಾಲಾಗಿ ನಾಲ್ಕು ಹಲ್ಲಿನ ತೂತು.

ಅವಳು ಆ ತೂತುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು.

“ನೀವು ಮೂಸಿದ್ರಿ. ನಾನು ನೋಡ್ತಾನೇ ಇದ್ದೆ. ಏನೂ ಇಲ್ಲ ಅಂದ್ರಿ.”

“ನನಗೆ ವಾಸನೆ ಬರಲ್ಲ” ಎಂದ ಮೇಸ್ತ್ರಿ.

“ಶೀತಾನಾ?”

“ಆರು ವರ್ಷ ಆಯ್ತು.”

ಅವಳು ಅವನ ಮುಖವನ್ನೇ ನೋಡಿದಳು. “ಹಾಲು ಸೀದ ದಿನ?”

“ಎಚ್ಚರವಾಗೇ ಇದ್ದೆ.”

“ಮತ್ತೆ ನನ್ನ ಅಡುಗೆ? ದಿನಾ ಘಮ್ ಅಂತಿದೆ ಅಂತಿದ್ರಲ್ಲ?”

“ಉಪ್ಪು, ಹುಳಿ, ಖಾರ ಗೊತ್ತಾಗುತ್ತೆ. ಉಳಿದಿದ್ದು... ಸುಮ್ನೆ ಅಂತಿದ್ದೆ.”

ಸಿಟ್ಟು ಬಂದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು. ಅವಳು ಸಿಟ್ಟಾಗಲಿಲ್ಲ. ಆರು ವರ್ಷದ ಊಟಗಳನ್ನೆಲ್ಲ ಮತ್ತೊಮ್ಮೆ ಬಡಿಸಿ ನೋಡುತ್ತಿರುವವಳಂತೆ ಮಲಗಿದ್ದಳು. ಆಮೇಲೆ ಅವಳ ದೃಷ್ಟಿ ಮನೆಗಾಡಿಯ ಕಡೆ ಹೋಯಿತು, ತಗಡಿನ ಗೋಡೆಯ ಕಡೆ ಹೋಯಿತು.

“ಹಾಗಾದ್ರೆ ಈ ಗಾಡಿ ಮೀನಿನ ನಾತ ಹೊಡೀತಿರೋದು ನಿಮಗೆ ಗೊತ್ತೇ ಇಲ್ವಾ? ಬೀದಿಗೆಲ್ಲ ಬರುತ್ತಲ್ರೀ! ನಾಯಿಗಳು ಬರದೆ ಇನ್ನೇನು ಮಾಡ್ತಾವೆ?”

ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕೂತ. ಪೋಸ್ಟಣ್ಣನ ಮೀನಿನಂಗಡಿ, ಗಿರಾಕಿ, ಎಲ್ಲ ಈಗ ಅರ್ಥವಾಯಿತು. ಪ್ರತಿ ಬೆಳಿಗ್ಗೆ ತಾನು ಕುಂಚ ಹಿಡಿದು ನಾಯಿಗಳಿಗೆ ಎಲೆ ಹಾಕಿ ಬಡಿಸಿದ್ದ. ಅದಾದ ಮೇಲೆ ಸುಮ್ಮನಿರಬಹುದಿತ್ತು. ಅವಳು ಕೇಳಿರಲಿಲ್ಲ. ಆದರೆ ಒಂದು ಬಿಚ್ಚಿದ ಮೇಲೆ ಇನ್ನೊಂದು ಹೊಟ್ಟೆಯಲ್ಲಿ ನಿಲ್ಲಲಿಲ್ಲ.

“ಕೆಂಚ ಓಡಿಹೋಗಿಲ್ಲ” ಎಂದ. “ನಾನೇ ಲಾರಿ ಕಟ್ಟೆ ಹತ್ರ ಬಿಟ್ಟುಬಂದೆ.”

ಆಗ ಅವಳು ಅತ್ತಳು. ಸೊಂಟ ಮುರಿದಾಗಲೂ ಹಾಗೆ ಅತ್ತವಳಲ್ಲ. ಅವನು ಮುಟ್ಟಲು ಹೋದರೆ ಕೈ ಸರಿಸಿದಳು.

“ಕೆಂಚ ಸಿಗದೆ ನಾನು ಈ ಗಾಡಿ ಹತ್ತಲ್ಲ.”

“ಅಕ್ಕನ ಕಣ್ಣು...”

“ಗೊತ್ತು ನನಗೆ” ಎಂದಳು. “ನೀವು ನೆನಪಿಸಬೇಕಾಗಿಲ್ಲ. ದಾರೀಲಿ ನನಗೆ ನಿದ್ದೆ ಹತ್ತಿದ ಮೇಲೆ ಈ ಗಾಡಿಯೊಳಗೆ ಮೂಗಿರೋರು ಯಾರು ಹೇಳಿ?”

ಮೇಸ್ತ್ರಿ ಅಂದು ಟ್ಯೂಬು ಬದಲಿಸಿ, ಅವಳ ಕಣ್ಣೆದುರೇ ಸೋಪಿನ ನೀರು ಹಚ್ಚಿ ತೋರಿಸಿದ. ಅಡಿಭಾಗ ತೊಳೆಯಲು ಹೊತ್ತಿರಲಿಲ್ಲ. ಬೆಳಿಗ್ಗೆ, “ಹುಡುಕೋಕೆ ಮಾತ್ರ ಹತ್ತುತ್ತೀನಿ” ಎಂದು ಅವಳು ಹತ್ತಿದಳು. ಲಾರಿ ಕಟ್ಟೆ ಇದ್ದದ್ದು ಅಕ್ಕನ ಊರಿನ ವಿರುದ್ಧ ದಿಕ್ಕಿಗೆ. ಮನೆಗಾಡಿಯ ಮೊದಲ ಪ್ರಯಾಣ ಬೆನ್ನು ತಿರುಗಿಸಿ ಶುರುವಾಯಿತು.

ಕಟ್ಟೆಯ ಹತ್ತಿರ ಟೀ ಮಾರುವ ಹೆಂಗಸೊಬ್ಬಳಿದ್ದಳು.

“ಕೆಂಪು ನಾಯಿನಾ?” ಎಂದಳು. “ಹತ್ತು ದಿನದಿಂದ ಇಲ್ಲೇ ಇದೆ. ಹುಚ್ಚು ನಾಯಿ ಅಂದ್ಕೊಂಡಿದ್ವಿ. ಏನು ಹಾಕಿದ್ರೂ ಸರಿಯಾಗಿ ತಿನ್ನಲ್ಲ. ಯಾವ ಗಾಡಿ ಬಂದು ನಿಂತ್ರೂ ಓಡಿ ಬಂದು ನಾಲ್ಕೂ ಚಕ್ರ ಮೂಸುತ್ತೆ. ಮೂಸಿ ವಾಪಸ್ ಹೋಗುತ್ತೆ.”

ಮೇಸ್ತ್ರಿ ಗಾಡಿಯ ಹಿಂದಿನ ಬಾಗಿಲು ತೆರೆದಿಟ್ಟು ಪಕ್ಕದ ಕಲ್ಲಿನ ಮೇಲೆ ಕೂತ. ಹೆಂಡತಿ ಒಳಗಿನಿಂದ ಕರೆದಳು, ಲಾರಿಗಳ ಸದ್ದಿನಲ್ಲಿ ಅವಳ ದನಿ ಕೇಳಿಸುವಂತಿರಲಿಲ್ಲ. ಒಂದು ಲಾರಿ ಬಂದು ನಿಂತಾಗ ಆಚೆಯ ಮಣ್ಣಿನ ಗುಡ್ಡೆಯ ಹಿಂದಿನಿಂದ ಕೆಂಚ ಬಂತು. ಪಕ್ಕೆಲುಬು ಎಣಿಸುವ ಹಾಗಿದ್ದವು, ಒಂದು ಕಿವಿ ಹರಿದಿತ್ತು. ಲಾರಿಯ ಚಕ್ರಗಳನ್ನು ಒಂದೊಂದಾಗಿ ಮೂಸಿತು, ತಿರುಗಿತು, ಅಲ್ಲೇ ನಿಂತುಬಿಟ್ಟಿತು. ಮೂಗು ಮೇಲಕ್ಕೆತ್ತಿತು. ಆಮೇಲೆ ನೇರ ಮನೆಗಾಡಿಯ ಕಡೆ ಓಡಿ ಬಂತು.

“ಕೆಂಚಾ” ಎಂದು ಮೇಸ್ತ್ರಿ ಎದ್ದ. ಅವನನ್ನು ಕಂಡ ಕೂಡಲೇ ಅದು ಕಾಲಿನ ನಡುವೆ ಬಾಲ ಸಿಕ್ಕಿಸಿಕೊಂಡು ಹಿಂದೆ ಸರಿಯಿತು. ಅವನನ್ನು ದೂರದಿಂದ ಬಳಸಿ ಹೋಗಿ, ಗಾಡಿಯ ಹಿಂದಿನ ಚಕ್ರದ ಹತ್ತಿರ ಮೈಯೆಲ್ಲ ನಡುಗಿಸುತ್ತ ನಿಂತಿತು. ಮಡ್‌ಫ್ಲಾಪನ್ನು ನೆಕ್ಕಿತು. ಒಂದು ತಿಂಗಳು ಕೋಲು ಹಿಡಿದು ಕಾದವನು ಆ ಮಡ್‌ಫ್ಲಾಪನ್ನೇ ಬೇಕಾದರೆ ತಿನ್ನಲಿ ಎಂದು ನೋಡುತ್ತ ನಿಂತ. ಒಳಗಿನಿಂದ ಹೆಂಡತಿ ಮಂಚದ ಹಲಗೆಗೆ ತಟ್ಟೆ ತಾಕಿಸಿದಳು. ಅದು ಒಂದೇ ನೆಗೆತಕ್ಕೆ ಒಳಗೆ ಹಾರಿ ಅವಳ ಹೊಟ್ಟೆಯಲ್ಲಿ ಮುಖ ಹುದುಗಿಸಿತು.

ಮೇಸ್ತ್ರಿ ಬಾಗಿಲ ಹೊರಗೇ ಮಂಡಿಯೂರಿ, ಒಂದು ಬ್ರೆಡ್ಡಿನ ಚೂರು ಹಿಡಿದು ಕೈ ಚಾಚಿದ. ಕೆಂಚ ಬ್ರೆಡ್ಡು ಮುಟ್ಟಲಿಲ್ಲ. ಕುತ್ತಿಗೆ ಮುಂದೆ ಚಾಚಿ ಅವನ ಬೆರಳು, ಅಂಗೈ, ಮಣಿಕಟ್ಟು, ಎಲ್ಲವನ್ನೂ ಬಹಳ ಹೊತ್ತು ಮೂಸಿತು. ಕೂದಲೆಳೆಯ ತಗ್ಗನ್ನೂ ಬಿಡದ ಕೈ ಅದು. ಅದರಲ್ಲಿ ನಾಯಿಗೆ ಏನು ತಿಳಿಯುತ್ತಿದೆ ಎಂದು ಅವನಿಗೆ ಗೊತ್ತಾಗಲಿಲ್ಲ. ಅದು ಮುಖ ತಿರುಗಿಸಿ ಮತ್ತೆ ಅವಳ ಪಕ್ಕ ಮಲಗಿತು.

“ನನ್ನ ಕೈ ಏನು ವಾಸನೆ ಹೊಡೀತಿದೆ?” ಎಂದು ಅವನು ಹೆಂಡತಿಯನ್ನು ಕೇಳಿದ. ಆರು ವರ್ಷದಲ್ಲಿ ಅವನು ಯಾರನ್ನೂ ಹಾಗೆ ಕೇಳಿರಲಿಲ್ಲ.

ನಿನ್ನೆಯಿಂದ ಮುಟ್ಟಗೊಡದಿದ್ದವಳು ಅವನ ಕೈಯನ್ನು ಎಳೆದು ಮುಖದ ಹತ್ತಿರ ತಂದುಕೊಂಡಳು.

“ಮೀನು” ಎಂದಳು. “ಅದರ ಕೆಳಗೆ ಥಿನ್ನರು. ಅದು ನಾನು ಮದುವೆಯಾಗಿ ಬಂದ ದಿನದಿಂದ ಇದೆ.”

ಆ ಕೈಯಲ್ಲಿದ್ದ ಬ್ರೆಡ್ಡನ್ನು ತೆಗೆದುಕೊಂಡು ತಾನೇ ಕೆಂಚನಿಗೆ ತಿನ್ನಿಸಿದಳು. “ಅಕ್ಕನಿಗೆ ಫೋನ್ ಮಾಡಿ. ಬಾಗಿಲು ತೆಗೆದಿಟ್ಟು ಕೂತಿರು, ಸಂಜೆ ಒಳಗೆ ಬರ್ತೀವಿ ಅನ್ನಿ” ಎಂದಳು. ಮೇಸ್ತ್ರಿ ಗಾಡಿ ತಿರುಗಿಸಿದ.